ಡೆಮೊ ಚೆನ್ನಾಗೇ ಓಡಿತ್ತು

ಬೇರೆಯವರಿಗೆ ಕೆಲಸ ಕೆಟ್ಟಾಗ ಹೆದರಿಕೆ ಆಗುತ್ತದೆ. ಕಾಂತೇಶನಿಗೆ ಕೆಲಸ ಚೆನ್ನಾಗಿ ಶುರುವಾದಾಗ ಆಗುತ್ತಿತ್ತು. ಸ್ಕೂಟರು ಒಂದೇ ಒದೆತಕ್ಕೆ ಸ್ಟಾರ್ಟ್ ಆಯಿತೆಂದರೆ ಅವನು ಅದನ್ನು ಆರಿಸಿ, ಇಳಿದು, ಸುತ್ತ ಒಂದು ಪ್ರದಕ್ಷಿಣೆ ಬಂದು, ಎಲ್ಲಾ ಸರಿಯಿದೆಯಾ ಅಂತ ನೋಡುತ್ತಿದ್ದ. ಆಮೇಲೆ ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಆಗ ಅವನ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಕಾಣಿಸಿಕೊಳ್ಳುತ್ತಿತ್ತು.

ಇದು ಹುಟ್ಟುಗುಣವಲ್ಲ, ಅನುಭವ. ಅವನು ಗುಬ್ಬಿಯ ಕೊಬ್ಬರಿ ದಲ್ಲಾಳಿ ಮಹಾಲಿಂಗಯ್ಯನವರ ಒಬ್ಬನೇ ಮಗ. ಮೊದಲ ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂತೆಂದು ಮನೆಯಲ್ಲಿ ಒಬ್ಬಟ್ಟು ಮಾಡಿದ್ದರು. ಎರಡನೇ ಪಿಯುಸಿಯಲ್ಲಿ ಭೌತಶಾಸ್ತ್ರ ಕೈಕೊಟ್ಟಿತು. ತೊಂಬತ್ಮೂರರಲ್ಲಿ ತುಮಕೂರಿಗೆ ಬಂದು ಉಪ್ಪಾರಹಳ್ಳಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ತೆರೆದ. ಸೇರಲು ಬಂದವರು ಜಾಗವಿಲ್ಲದೆ ಜಗಲಿಯ ಮೇಲೆ ಕೂತು ಕಾಯುತ್ತಿದ್ದರು. ಊರಿಗೆಲ್ಲ ಬೆರಳಚ್ಚಿನ ಹುಚ್ಚು ಹಿಡಿದಿದೆ ಅಂತ ಅವನು ಇನ್ನೊಂದಷ್ಟು ಮಷೀನು ತರಿಸಿದ. ಅವು ಬಂದು ಕೂರುವಷ್ಟರಲ್ಲಿ ಆಫೀಸುಗಳಿಗೆ ಕಂಪ್ಯೂಟರು ಬಂದಿತ್ತು. ಹುಚ್ಚು ಬಿಟ್ಟು ಹೋಗಿ ಅಚ್ಚು ಮಾತ್ರ ಉಳಿಯಿತು. ಅದೇ ಅಂಗಡಿಯಲ್ಲಿ ಎಸ್‌ಟಿಡಿ ಬೂತ್ ಹಾಕಿದ. ಮೊದಲ ದೀಪಾವಳಿಯಂದು ಕ್ಯೂ ರಸ್ತೆಗೆ ಬಂತು. ಕ್ಯೂ ನೋಡಿ ಕಾಂತೇಶನಿಗೆ ಜ್ವರ ಬಂತು. ಎಲ್ಲರ ಜೇಬಿಗೂ ಮೊಬೈಲು ಬಂದ ಮೇಲೆ ಆ ಗಾಜಿನ ಗೂಡಿನೊಳಗೆ ನಿಂತು ಮಾತಾಡುತ್ತಿದ್ದುದು ಬೀದಿಯ ಬೆಕ್ಕೊಂದೇ.

ಮದುವೆಯಲ್ಲೂ ಹೀಗೇ ಹೆದರಿದ್ದ. ಕುಣಿಗಲ್ಲಿಗೆ ಹೆಣ್ಣು ನೋಡಲು ಹೋದಾಗ ಮಂಗಳಗೌರಿ ಉಪ್ಪಿಟ್ಟಿನ ತಟ್ಟೆ ತಂದಿಟ್ಟು, ತಲೆ ಎತ್ತದೆ, ಕೇಳಿದ್ದಕ್ಕೆಲ್ಲ "ಹೂಂ" ಅಂದಳು. ಇಷ್ಟು ಮೆತ್ತಗಿನ ಹೆಣ್ಣು ಇರಲು ಸಾಧ್ಯವೇ ಇಲ್ಲವೆಂದು ಅವನು ವಾಪಸು ಬರುವ ಬಸ್ಸಿನಲ್ಲಿ ಬೆವರಿದ. ಊಹೆ ಸರಿಯಾಗಿತ್ತು. ಮದುವೆಯಾದ ಮೇಲೆ ಬಾಯಿ ತೆರೆದವಳು ಇನ್ನೂ ಪೂರ್ತಿ ಮುಚ್ಚಿಲ್ಲ. ಆದರೆ ತೋರಿಸಿದ್ದಕ್ಕಿಂತ ಸಿಕ್ಕಿದ್ದು ಚೆನ್ನಾಗಿದ್ದುದು ಅವನ ಬದುಕಿನಲ್ಲಿ ಅದೊಂದೇ ಸಲ. ಹಾಗಂತ ಅವಳಿಗೆ ಹೇಳಬೇಕೆಂದು ಅವನಿಗೆ ಬಹಳ ಸಲ ಅನ್ನಿಸಿದ್ದುಂಟು. ನಡುವೆ ಸಂದು ಸಿಕ್ಕಿರಲಿಲ್ಲ.

ಎರಡು ಸಾವಿರದ ಮೂರರಲ್ಲಿ ಅವನು ಮೂರನೇ ಬೋರ್ಡು ಬರೆಸಿದ. ಬೆಂಗಳೂರಿನಿಂದ ಆರು ಹಳೇ ಕಂಪ್ಯೂಟರು ತಂದು, ಒಂದಕ್ಕೊಂದು ವೈರು ಎಳೆದು, ಹುಡುಗರು ಗಂಟೆ ಲೆಕ್ಕದಲ್ಲಿ ಕೂತು ಆಟ ಆಡುವ ಗೇಮ್ ಸೆಂಟರು ಮಾಡಿದ. ಇದ್ದ ಆಟಗಳೆಲ್ಲ ಹಳಸಿದವು. ಆಗ ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆ ಸಿ.ಡಿ.ಯಲ್ಲಿ ಹೊಸ ಕಾರ್ ರೇಸಿನ ಡೆಮೊ ಬಂತು. ಡೆಮೊ ಅಂದರೆ ಇಡೀ ಆಟವಲ್ಲ, ಆಟದ ಒಂದು ತುಣುಕು. ಕೊಳ್ಳುವ ಮುಂಚೆ ಜನ ರುಚಿ ನೋಡಲಿ ಅಂತ ಕಂಪನಿಯವರೇ ಹಂಚುವುದು. ಮರಳುಗಾಡಿನ ನಡುವೆ ನೆಟ್ಟಗೆ ಒಂದು ರಸ್ತೆ, ಮೇಲೆ ಬೋಳು ಆಕಾಶ, ರಸ್ತೆಯಲ್ಲಿ ನಮ್ಮದೊಂದೇ ಕಾರು. ಅದು ಕಾಂತೇಶನ ಮಷೀನಿನಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓಡಿತು. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಕುರ್ಚಿಯ ಹಿಂದೆ ಗುಂಪು ಕಟ್ಟಿದರು.

"ಅಂಕಲ್, ಫುಲ್ ವರ್ಷನ್ ತರಿಸಿ. ಆದ್ರೆ ಈ ಡಬ್ಬಗಳಲ್ಲಿ ಓಡುತ್ತಾ?"

"ಡೆಮೊ ಓಡಿದ್ಮೇಲೆ ಫುಲ್ಲೂ ಓಡ್ತದೆ ಬಿಡ್ರಪ್ಪ. ಒಂದು ಉಂಡೆ ಒಡೆದು ನೋಡಿದ್ಮೇಲೆ ಚೀಲ ಎಲ್ಲಾ ಸುರಿದು ನೋಡ್ತಾರಾ?"

ಇದು ಅಪ್ಪನಿಂದ ಅವನು ಕಲಿತ ಏಕೈಕ ವಿದ್ಯೆ. ರೈತರು ತಂದ ಕೊಬ್ಬರಿ ಚೀಲದಿಂದ ಮಹಾಲಿಂಗಯ್ಯ ಒಂದು ಉಂಡೆ ತೆಗೆದು, ಕತ್ತಿಯಲ್ಲಿ ಎರಡು ಹೋಳು ಮಾಡಿ, ಒಳಗಿನ ಬಿಳುಪು ನೋಡಿ, ಮೂಸಿ, ಇಡೀ ಲಾಟಿನ ಹಣೆಬರಹ ಹೇಳಿಬಿಡುತ್ತಿದ್ದರು. "ಒಂದು ನೋಡಿದ್ರೆ ಆಯ್ತು ಕಣ್ಲಾ, ಮಿಕ್ಕಿದ್ದೂ ಅದೇ" ಅನ್ನುತ್ತಿದ್ದರು. ಚಿಕ್ಕಂದಿನಲ್ಲಿ ಪಕ್ಕದಲ್ಲಿ ನಿಂತು ಆ ಹೋಳು ಮೆಲ್ಲುತ್ತ ಕಾಂತೇಶ ಅದನ್ನು ನಂಬಿದ್ದ. ಈಗಲೂ ಹುಡುಗರಿಗೆ ಹೇಳುವಾಗ ನಂಬಿಯೇ ಹೇಳಿದ. ಹೇಳಿ ಮುಗಿದ ಮೇಲೆ ಎದೆಯೊಳಗೆ ಏನೋ ಒಂದು ನಟ್ಟು ಸಡಿಲವಾದಂತಾಯಿತು.

ಅಂಗಡಿಯ ಮಾಲೀಕರು ಗುರುಸಿದ್ದಯ್ಯ, ರಿಟೈರ್ಡ್ ಹೆಡ್‌ಮೇಷ್ಟ್ರು. ಅಂಗಡಿಯ ಹಿಂದಿನ ಮನೆಯಲ್ಲೇ ವಾಸ. ಅವರು ಬೈಯುತ್ತಿರಲಿಲ್ಲ, ಪಾಠ ಒಪ್ಪಿಸದ ಹುಡುಗನನ್ನು ನೋಡುವ ಹಾಗೆ ನೋಡುತ್ತಿದ್ದರು, ಅದು ಬೈಗುಳಕ್ಕಿಂತ ಆಳಕ್ಕಿಳಿಯುತ್ತಿತ್ತು. ದಸರಾ ಹತ್ತಿರ ಬಂದಾಗ ಅಂಗಡಿಯ ಬಾಗಿಲಿಗೆ ಬಂದು ಕೋಲೂರಿ ನಿಂತರು.

"ನೋಡಯ್ಯ ಕಾಂತೇಶ. ಟೈಪಿಂಗ್ ಅಂದೆ, ಮುಚ್ಚಿದೆ. ಫೋನು ಅಂದೆ, ಮುಚ್ಚಿದೆ. ಈಗ ಆಟ ಅಂತೀಯ. ಬೀದಿಯವರು ಬಂದು ನನ್ನ ಕೇಳ್ತಾರೆ, ಏನ್ ಮೇಷ್ಟ್ರೇ, ಹುಡುಗ್ರನ್ನ ಕೆಡಿಸೋಕೆ ಜಾಗ ಕೊಟ್ಟಿದೀರಾ ಅಂತ. ಕಾರು ಓಡಿಸೋ ಆಟವಂತೆ. ಇಲ್ಲಿ ಕಲ್ತ ವೇಗಾನ ಬಿ.ಎಚ್. ರೋಡಲ್ಲಿ ತೋರಿಸಿದ್ರೆ ಏನಪ್ಪ ಗತಿ?"

"ಅದು ಬರೀ ಆಟ ಮೇಷ್ಟ್ರೇ. ದೊಡ್ಡ ಕಂಪನೀದು. ಹೊಸದು ಬರ್ತಾ ಇದೆ, ನೀವೇ ನೋಡಿ."

"ನೋಡ್ತೀನಿ. ವಿಜಯದಶಮಿ ದಿನ ಬೆಳಿಗ್ಗೆ ಬರ್ತೀನಿ. ನೋಡಿದ್ಮೇಲೆ ಹೇಳ್ತೀನಿ, ಅಂಗಡೀಲಿ ಇರ್ತೀಯೋ, ಬೀಗದ ಕೈ ಕೊಡ್ತೀಯೋ ಅಂತ. ಇದೂ ಕುಂಟೋದಾದ್ರೆ ಈಗ್ಲೇ ಹೇಳ್ಬಿಡು."

"ಕುಂಟಲ್ಲ ಮೇಷ್ಟ್ರೇ" ಅಂದ ಕಾಂತೇಶ.

ಬೆಂಗಳೂರಿನ ಅಂಗಡಿಯವನು ಇವತ್ತು ಕಳಿಸ್ತೀನಿ, ನಾಳೆ ಕಳಿಸ್ತೀನಿ ಅನ್ನುತ್ತಲೇ ಇದ್ದ. ಫುಲ್ ವರ್ಷನ್ ಬರಲು ಫುಲ್ ವರ್ಷವೇ ಹಿಡಿಯುತ್ತದೇನೋ ಅನ್ನಿಸಿತ್ತು. ಕೊನೆಗೆ ಅದು ಆಯುಧಪೂಜೆಯ ದಿನ ಬೆಳಿಗ್ಗೆ ಕೆಂಪು ಬಸ್ಸಿನ ಕಂಡಕ್ಟರ ಕೈಯಲ್ಲಿ ಬಂತು. ಪೊಟ್ಟಣ ಹಿಡಿದು ಕಾಂತೇಶ ಓಡೋಡಿ ಅಂಗಡಿಗೆ ಬರುವಷ್ಟರಲ್ಲಿ ಮಂಗಳಗೌರಿ ಪೂಜೆಯ ನಡುವಿನಲ್ಲಿದ್ದಳು. ಆರೂ ಮಾನಿಟರಿಗೆ ವಿಭೂತಿ ಪಟ್ಟೆ, ಕುಂಕುಮ, ಸೇವಂತಿಗೆ ಹಾರ. ಗಣಪತಿಯ ವಾಹನ ಅಂತ ಮೌಸಿಗೆ ಮಾತ್ರ ಒಂದು ಬೊಟ್ಟು ಜಾಸ್ತಿ. ಅವಳು ಗಂಡನ ಕೈಯಿಂದ ಪೊಟ್ಟಣ ಇಸಿದುಕೊಂಡು, "ಹೊಸದು, ಇದಕ್ಕೂ ಆಗ್ಲಿ" ಅಂತ ದೇವರ ಪಟದ ಮುಂದಿಟ್ಟು, ಬೊಟ್ಟಿಟ್ಟು, ಅಕ್ಷತೆ ಹಾಕಿ, ಮಂಗಳಾರತಿ ಎತ್ತಿಬಿಟ್ಟಳು.

ಅಲ್ಲಿಗೆ ಮುಗಿಯಿತು. ಕುಣಿಗಲ್ಲಿನ ಅವಳ ತವರಿನಲ್ಲಿ ಆಯುಧಪೂಜೆಯೆಂದರೆ ಆಯುಧಕ್ಕೆ ಪೂರ್ತಿ ರಜ. ಕುಡುಗೋಲು, ನೇಗಿಲು, ಹೊಲಿಗೆ ಮಷೀನು ಸರಿಯೇ, ಈಳಿಗೆ ಮಣೆಯನ್ನೂ ಅಂದು ಮುಟ್ಟುತ್ತಿರಲಿಲ್ಲ. ಹಿಂದಿನ ದಿನ ಹೆಚ್ಚಿಟ್ಟ ಕುಂಬಳಕಾಯಿಯಲ್ಲೇ ಹುಳಿ. ಮಾರನೇ ಬೆಳಿಗ್ಗೆ ಮತ್ತೆ ಆರತಿಯಾಗುವ ತನಕ ಪೂಜೆಗಿಟ್ಟದ್ದು ಪೂಜೆಯಲ್ಲೇ ಇರಬೇಕು.

"ಗೌರಿ, ಒಂದೇ ಒಂದು ಸಲ ಹಾಕಿ ನೋಡ್ತೀನಿ ಕಣೇ."

"ದೇವ್ರ ಮುಂದೆ ಇಟ್ಟಿದ್ದನ್ನ ಇವತ್ತು ಎತ್ತಬಾರ್ದು ರೀ. ಎರಡು ಬೋರ್ಡು ಇಳಿಸಿ ಆಯ್ತು. ಇದಕ್ಕಾದ್ರೂ ದೇವ್ರನ್ನ ಸರಿಯಾಗಿ ಕೂರಿಸೋಣ."

"ನಾಳೆ ಮೇಷ್ಟ್ರು ಬರ್ತಾರೆ."

"ಬರ್ಲಿ. ಅವ್ರ ಎದುರಿಗೇ ಹಾಕಿ."

"ಓಡದೇ ಇದ್ರೆ?"

"ಡೆಮೊ ಓಡ್ತಲ್ಲ."

"ಓಡ್ತು. ಅದೇ ಭಯ."

ಅವಳು ಕೊಬ್ಬರಿ ಸಕ್ಕರೆಯ ಪ್ರಸಾದ ಅವನ ಬಾಯಿಗೆ ಹಾಕಿ ಮಾತು ನಿಲ್ಲಿಸಿದಳು.

ಕಾಂತೇಶ ದಿನವಿಡೀ ಅಂಗಡಿಯಲ್ಲೇ ಉಳಿದ. ಮುಟ್ಟಬಾರದು ತಾನೆ, ಓದಬಹುದಲ್ಲ. ಮಂಡಿಯೂರಿ, ಕತ್ತು ಓರೆ ಮಾಡಿ, ಪೊಟ್ಟಣದ ಮೇಲಿನ ಸಣ್ಣಕ್ಷರ ಓದಲು ನೋಡಿದ. ಈ ಆಟಕ್ಕೆ ಕನಿಷ್ಠ ಎಂಥ ಕಂಪ್ಯೂಟರು ಬೇಕೆಂದು ಅಲ್ಲಿ ಬರೆದಿತ್ತು. ಅವನ ಮಷೀನುಗಳು ಆ ಕನಿಷ್ಠದ ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತಂತಿದ್ದವು. ಮೆಮರಿ ಎಷ್ಟಿರಬೇಕು ಅನ್ನುವ ಅಂಕಿಯ ಮೇಲೆ ಸರಿಯಾಗಿ ಕುಂಕುಮದ ಬೊಟ್ಟು ಬಿದ್ದಿತ್ತು. ಊದಿ ನೋಡಿದ. ಅಕ್ಷತೆ ಹಾರಿತು, ಕುಂಕುಮ ಹಾರಲಿಲ್ಲ.

ಸಂಜೆ ಹೊತ್ತಿಗೆ ತಾಳಲಾರದೆ ಗುಬ್ಬಿಗೆ ಫೋನು ಮಾಡಿದ.

"ಅಪ್ಪ, ಒಂದು ಉಂಡೆ ನೋಡಿದ್ರೆ ಲಾಟು ಗೊತ್ತಾಗ್ತದೆ ಅಂತಿದ್ದೆಯಲ್ಲ, ಅದು ಯಾವಾಗ್ಲೂ ನಿಜಾನಾ?"

"ಹಬ್ಬದ ದಿನ ಇದೇನ್ಲಾ ನಿಂದು. ಕೊಬ್ಬರಿ ಯಾಪಾರಕ್ಕೆ ಇಳಿದ್ಯಾ?"

"ಇಲ್ಲ, ಆಟದ ಸಿ.ಡಿ. ಸ್ಯಾಂಪಲ್ ಚೆನ್ನಾಗಿತ್ತು. ಅದನ್ನ ನೋಡಿ ಪೂರ್ತಿದು ತರಿಸಿದೀನಿ."

"ಸ್ಯಾಂಪಲ್ ಎಲ್ಲಿಂದ ತಗೊಂಡೆ?"

"ಕಂಪನಿಯೋರೇ ಕೊಟ್ಟಿದ್ದು."

ಆ ಕಡೆ ಮಹಾಲಿಂಗಯ್ಯ ಕೆಮ್ಮಿದರು. "ಅವ್ರೇ ಆರಿಸಿ ಕೈಗೆ ಕೊಟ್ರಾ? ನಾನು ಚೀಲದೊಳಕ್ಕೆ ಮೊಣಕೈ ತನಕ ಕೈ ಇಕ್ಕಿ ತಳದಿಂದ ತೆಗೀತಿದ್ದೆ ಕಣ್ಲಾ. ಮೇಲ್ಗಡೆ ಇರೋದು ಮಾರೋನು ಜೋಡಿಸಿರೋದು. ನೀನು ಹೋಳು ತಿನ್ನೋದ್ರಲ್ಲಿದ್ದೆ, ಕೈ ಎಲ್ಲಿಗೆ ಹೋಯ್ತು ಅಂತ ನೋಡ್ಲೇ ಇಲ್ಲ."

"ಹಂಗಾದ್ರೆ ಇದು ಓಡಲ್ವಾ?"

"ನಂಗೇನ್ ಗೊತ್ತು. ತಳದಲ್ಲೂ ಚೆನ್ನಾಗಿರೋ ಚೀಲ ಎಷ್ಟೋ ನೋಡಿದೀನಿ. ಆದ್ರೆ ನೀನು ನೋಡಿಲ್ಲ ಬುಡು. ಅವ್ರು ತೋರಿಸಿದ್ರು, ಅಷ್ಟೇಯ."

ಫೋನಿಟ್ಟ ಮೇಲೆ ಅಂಗಡಿ ಹಠಾತ್ತನೆ ದೊಡ್ಡದಾದ ಹಾಗೆ ಕಂಡಿತು. ಎಣ್ಣೆ ದೀಪದ ಬೆಳಕಿನಲ್ಲಿ ಆರು ಕಪ್ಪು ಗಾಜಿನ ಮುಖಗಳು, ಹಣೆಗೆ ವಿಭೂತಿ ಬಳಿದುಕೊಂಡು, ನ್ಯಾಯಕ್ಕೆ ಕೂತ ಹಿರಿಯರಂತೆ ಅವನನ್ನೇ ನೋಡುತ್ತಿದ್ದವು. ಮರಳುಗಾಡಿನಲ್ಲಿ ಏನಿತ್ತು ಅಂತ ಅವನು ಮೊದಲ ಬಾರಿಗೆ ಯೋಚಿಸಿದ. ಏನೂ ಇರಲಿಲ್ಲ. ಮರವಿಲ್ಲ, ಮನೆಯಿಲ್ಲ, ಮನುಷ್ಯರಿಲ್ಲ. ಏನೂ ಇಲ್ಲದ ಕಡೆ ಯಾವ ಡಬ್ಬ ತಾನೇ ಓಡುವುದಿಲ್ಲ. ಮೂರನೇ ಬೋರ್ಡು ಇಳಿಸುವಾಗ ಏಣಿ ಹಿಡಿಯಲು ಯಾರನ್ನು ಕರೆಯುವುದು, ಬೀದಿಯವರು ಜಗಲಿಯಿಂದ ಹೇಗೆ ನೋಡುತ್ತಾರೆ, "ಪಾಪ, ಮೊದ್ಲು ಚೆನ್ನಾಗೇ ನಡೀತಿತ್ತು" ಅಂತ ಯಾರು ಮೊದಲು ಹೇಳುತ್ತಾರೆ, ಎಲ್ಲವೂ ಒಂದೊಂದಾಗಿ ಕಣ್ಣಮುಂದೆ ಬಂತು. ಅಂಗಡಿಗೆ ಬೀಗ ಹಾಕಿ ಮನೆಗೆ ಹೊರಟವನು ದಾರಿಯಿಂದ ಎರಡು ಸಲ ವಾಪಸು ಬಂದು ಬೀಗ ಎಳೆದು ನೋಡಿದ. ಬೀಗ ಗಟ್ಟಿಯಾಗಿತ್ತು. ಅದರಿಂದ ಧೈರ್ಯ ಬರಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಆರತಿಯ ಹೊಗೆ ಇನ್ನೂ ಆಡುತ್ತಿರುವಾಗಲೇ ಗುರುಸಿದ್ದಯ್ಯ ಬಂದರು. ಜೊತೆಗೆ ಮೊಮ್ಮಗಳು ಕೃತಿಕಾ, ಕಾಲೇಜು ಓದುವವಳು. ಕಾಂತೇಶ ಒಂದನೇ ನಂಬರಿನ ಮಷೀನಿಗೆ ಸಿ.ಡಿ. ಹಾಕಿದ. ತೆರೆಯ ಮೇಲೆ ನೀಲಿ ಪಟ್ಟಿ ಇರುವೆಯ ವೇಗದಲ್ಲಿ ತೆವಳುತ್ತ ತುದಿಗೆ ಬಂದು ನಿಂತು, ಇನ್ನು ಬರಲಾರೆ ಅನ್ನುವಂತೆ ಬಹಳ ಹೊತ್ತು ಯೋಚಿಸಿ, ಕೊನೆಗೆ ದಡ ಸೇರಿತು. ಯಾವ ರಸ್ತೆ ಬೇಕೆಂದು ಸಾಲಾಗಿ ಚಿತ್ರಗಳು ಬಂದವು. ಮೊದಲನೆಯದೇ ಮರಳುಗಾಡು. ಕಾಂತೇಶನ ಬೆರಳು ಅಲ್ಲಿಗೇ ಓಡಿತು.

ಗುರುಸಿದ್ದಯ್ಯ ಕೋಲೆತ್ತಿ ಗಾಜಿಗೆ ತಾಗಿಸಿದರು. "ಆ ಮರಳುಗಾಡಲ್ಲಿ ಯಾರಪ್ಪ ಓಡಾಡ್ತಾರೆ. ಇದು ಊರಿದ್ದಂಗಿದೆ, ಇದನ್ನ ಹಾಕು."

ಅದು ಮಳೆ ಬರುತ್ತಿರುವ ಒಂದು ದೊಡ್ಡ ಊರು. ರಸ್ತೆಯ ತುಂಬ ನೀರು, ನೀರಿನಲ್ಲಿ ದೀಪಗಳ ನೆರಳು, ಎರಡೂ ಬದಿಗೆ ಕೊಡೆ ಹಿಡಿದ ಜನ, ಹಿಂದೆ ಮುಂದೆ ಹತ್ತಾರು ಕಾರು. ಕಾಂತೇಶ ಮೌಸನ್ನು ಮರಳುಗಾಡಿನಿಂದ ಅಲ್ಲಿಗೆ ಸರಿಸಿದ. ಒತ್ತಿದ.

ಕಾರು ಒಂದು ಗೇಣು ಮುಂದೆ ಹೋಗಿ ನಿಂತಿತು. ಮತ್ತೊಂದು ಗೇಣು. ಮಳೆಹನಿಗಳು ನೆಲಕ್ಕೆ ಬೀಳುವುದನ್ನು ಮರೆತು ಗಾಳಿಯಲ್ಲೇ ನೇತಾಡಿದವು. ಕೊಡೆ ಹಿಡಿದ ಹೆಂಗಸೊಬ್ಬಳು ಎತ್ತಿದ ಕಾಲನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತೇ ಇದ್ದಳು. ಕಂಪ್ಯೂಟರು ಹೀಗೆ ನಿಲ್ಲುವುದಕ್ಕೆ ಹುಡುಗರು ಹ್ಯಾಂಗ್ ಅನ್ನುತ್ತಾರೆ. ಗಲ್ಲಿಗೂ ಇಂಗ್ಲಿಷಿನಲ್ಲಿ ಅದೇ ಪದವಿರುವುದು ಕಾಂತೇಶನಿಗೆ ಆಗ ಬಹಳ ನ್ಯಾಯವಾಗಿ ಕಂಡಿತು. ಅವನು ಮೇಷ್ಟರ ಮುಖ ನೋಡಲಿಲ್ಲ. ಅವರ ಕೋಲಿನ ತುದಿ ನೋಡಿದ. ಅದು ಅಲ್ಲಾಡುತ್ತಿರಲಿಲ್ಲ.

"ಇದು ಹಿಂಗೇನಾ ಓಡೋದು?"

ಕಾಂತೇಶನ ಬಾಯಿಗೆ "ಹೂಂ" ಅನ್ನುವುದೇ ಬಂತು.

ಗುರುಸಿದ್ದಯ್ಯ ಇನ್ನಷ್ಟು ಹೊತ್ತು ನೋಡಿದರು. "ನಾನು ಏನೋ ಅಂದ್ಕೊಂಡಿದ್ದೆ ಕಣಯ್ಯ. ಇದು ಎತ್ತಿನ ಗಾಡಿಗಿಂತ ನಿಧಾನ. ನಾಲ್ಕು ಹೆಜ್ಜೆ ಹೋಗ್ತದೆ, ನಿಂತು ಅಕ್ಕಪಕ್ಕ ನೋಡ್ತದೆ. ಇದನ್ನ ಆಡಿದೋನು ರೋಡಲ್ಲಿ ಇನ್ನೂ ಹುಷಾರಾಗ್ತಾನೆ. ಇಟ್ಕೋ ಅಂಗಡಿ." ಪ್ರಸಾದ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡು ಮನೆಗೆ ಹೊರಟರು.

ಕಾಂತೇಶನಿಗೆ ತಾನು ಉಳಿದಿದ್ದೇನೆ ಅನ್ನುವುದು ಅರ್ಥವಾಗುವ ಮುಂಚೆ ಕೃತಿಕಾ ಕುರ್ಚಿ ಎಳೆದುಕೊಂಡಿದ್ದಳು.

"ಅಂಕಲ್, ಡೀಟೇಲ್ ಎಲ್ಲಾ ಹೈನಲ್ಲಿದೆ. ಈ ಡಬ್ಬ ತಡೆಯಲ್ಲ." ಅವಳು ಆಟದ ಸೆಟ್ಟಿಂಗಿನೊಳಗೆ ಎಲ್ಲೋ ಹೋಗಿ ನೆರಳು ತೆಗೆದಳು, ನೀರಿನ ಹೊಳಪು ತೆಗೆದಳು, ಮಳೆ ನಿಲ್ಲಿಸಿದಳು, ಕೊಡೆಯವರನ್ನೆಲ್ಲ ಮನೆಗೆ ಕಳಿಸಿದಳು. ಬಂದ್ ದಿನದ ತುಮಕೂರಿನಂತೆ ಬಿಕೋ ಅನ್ನುವ ಆ ಊರಿನಲ್ಲಿ ಕಾರು ಬಾಣದ ಹಾಗೆ ಹಾರಿತು. "ನೋಡಿ. ಡೆಮೊದಲ್ಲಿ ಇದ್ಯಾವುದೂ ಇರ್ಲಿಲ್ಲ, ಅದಕ್ಕೇ ಓಡ್ತಿತ್ತು. ತಾತಂಗೆ ನಾನೇನೂ ಹೇಳಲ್ಲ ಬಿಡಿ."

ಅಲ್ಲಿಯ ತನಕ ಹಗುರಾಗುತ್ತಿದ್ದ ಕಾಂತೇಶನ ಎದೆ ಆ ಕೊನೆಯ ಮಾತಿಗೆ ಕಲ್ಲಾಯಿತು. ಹೇಳಲ್ಲ ಅಂದವರು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು. ಮಧ್ಯಾಹ್ನ ಹುಡುಗರು ಬಂದು ಆರೂ ಕುರ್ಚಿ ತುಂಬಿದರು. ಬ್ರೇಕಿನ ಕಿರುಚಾಟ, ಡಿಕ್ಕಿಯ ಸದ್ದು, "ಮಗಾ, ಒತ್ತು ಒತ್ತು" ಅನ್ನುವ ಕೂಗು ಬೀದಿಗೆ ಹರಿಯಿತು. ಕಾಂತೇಶ ಒಂದೊಂದು ಸ್ಪೀಕರಿನ ಸದ್ದನ್ನೂ ತಗ್ಗಿಸುತ್ತ ಅತ್ತಿತ್ತ ಓಡಾಡಿದ. ಗೋಡೆಯಾಚೆ ಮೇಷ್ಟರು ಊಟ ಮಾಡಿ ಮಲಗಿರಬಹುದು, ಎದ್ದಿರಬಹುದು, ಕೇಳಿಸಿಕೊಳ್ಳುತ್ತಿರಬಹುದು. ಅವರು ಅಂಗಡಿ ಕೊಟ್ಟಿದ್ದು ಬೆಳಗಿನ ಆಟಕ್ಕೆ. ಈ ಆಟಕ್ಕಲ್ಲ. ಕಂಪನಿಯವರಾದರೂ ತಮ್ಮ ಸಿ.ಡಿ.ಯ ಮೇಲೆ ಡೆಮೊ ಅಂತ ದಪ್ಪಕ್ಷರದಲ್ಲಿ ಬರೆದಿದ್ದರು.

ಊಟದ ಡಬ್ಬಿ ತಂದ ಮಂಗಳಗೌರಿ ವಿಷಯ ಕೇಳಿದಳು. "ಹೋಗಿ ಹೇಳಿ ಬನ್ನಿ. ಅವ್ರು ಬೀಗ ಹಾಕಿಸ್ತಾರೆ, ಇಲ್ಲಾ ಹಾಕ್ಸಲ್ಲ. ನೀವು ಹಿಂಗೆ ಬಾಗಿಲಿಗೂ ಸ್ಪೀಕರಿಗೂ ಓಡಾಡೋದು ಮಾತ್ರ ನನ್ ಕೈಲಿ ನೋಡೋಕಾಗಲ್ಲ."

ಧೈರ್ಯದಿಂದ ಹೋದನೆಂದರೆ ಸುಳ್ಳಾಗುತ್ತದೆ. ಕಾಯುವ ಭಯ ಹೇಳುವ ಭಯಕ್ಕಿಂತ ಒಂದು ಗುಲಗಂಜಿ ಹೆಚ್ಚಾಗಿತ್ತು, ಅದಕ್ಕೇ ಹೋದ.

"ಮೇಷ್ಟ್ರೇ, ಬೆಳಿಗ್ಗೆ ನೀವು ನೋಡಿದ್ದು ಆಟ ಅಲ್ಲ."

"ಮತ್ತೇನಪ್ಪ?"

"ಆಟಾನೇ. ಆದ್ರೆ ಅದು ಓಡ್ತಿರ್ಲಿಲ್ಲ, ತಡವರಿಸ್ತಿತ್ತು. ನಾನು ಹೂಂ ಅಂದ್ಬಿಟ್ಟೆ. ಈಗ ಓಡ್ತಾ ಇದೆ. ಬಂದು ನೋಡ್ಬಿಡಿ."

ಗುರುಸಿದ್ದಯ್ಯ ಎದ್ದು ಬಂದು ಹುಡುಗರ ಬೆನ್ನ ಹಿಂದೆ ನಿಂತರು. ಯಾರೂ ತಿರುಗಿ ನೋಡಲಿಲ್ಲ. ಒಬ್ಬನ ಕಾರು ಸೇತುವೆಗೆ ಗುದ್ದಿ, ಮೂರು ಪಲ್ಟಿ ಹೊಡೆದು, ಏನೂ ಆಗದ ಹಾಗೆ ಮತ್ತೆ ರಸ್ತೆಗೆ ಬಂತು. ಮೇಷ್ಟರ ಕೋಲು ನೆಲವನ್ನು ಒಮ್ಮೆ ಕುಟ್ಟಿತು. ಕಾಂತೇಶ ಜೇಬಿನಲ್ಲಿ ಕೈ ಹಾಕಿ ಬೀಗದ ಕೈ ಮುಟ್ಟಿ ನೋಡಿಕೊಂಡ. ಕೇಳಿದ ಕೂಡಲೇ ಕೊಡುವುದು ಒಳ್ಳೆಯದು, ತಡಕಾಡಬಾರದು.

ಹೊರಗೆ ಬಂದ ಮೇಲೆ ಅವರು ಹೇಳಿದರು. "ಇನ್‌ಸ್ಪೆಕ್ಟರು ಬರೋ ದಿನ ನಾನು ಮುಂದಿನ ಬೆಂಚಲ್ಲಿ ಯಾವಾಗ್ಲೂ ಅದೇ ಮೂರು ಹುಡುಗ್ರನ್ನ ಕೂರಿಸ್ತಿದ್ದೆ ಕಣಯ್ಯ. ಮಗ್ಗಿ ಅವ್ರೇ ಹೇಳೋರು, ಪದ್ಯ ಅವ್ರೇ ಹೇಳೋರು. ಸರ್ವೀಸ್ ಪೂರ್ತಿ ಗುಡ್ ಅಂತ್ಲೇ ಬರೆಸ್ಕೊಂಡೆ. ಒಂದ್ಸಲನಾದ್ರೂ ಹಿಂದಿನ ಬೆಂಚು ನೋಡಿ ಸಾರ್ ಅಂತ ನಾನಾಗಿ ಕರೆದಿಲ್ಲ."

ಕಾಂತೇಶ ಬೀಗದ ಕೈಯನ್ನು ಜೇಬಿನಿಂದ ಅರ್ಧ ಹೊರಗೆ ತೆಗೆದ.

"ವೇಗ ಜಾಸ್ತಿ ಆಯ್ತು. ನಂಗೆ ಇಷ್ಟ ಆಗ್ಲಿಲ್ಲ. ಅಂಗಡಿ ಇರ್ಲಿ. ಸ್ಕೂಲ್ ಟೈಮಲ್ಲಿ ಬಾಗಿಲು ಹಾಕಿರ್ಬೇಕು. ಇನ್ನೊಂದು, ನಾನು ಬರ್ತಿರ್ತೀನಿ."

"ಯಾವಾಗ ಬರ್ತೀರಾ ಮೇಷ್ಟ್ರೇ?"

"ಅದನ್ನ ಹೇಳಿದ್ರೆ ನೀನು ಮತ್ತೆ ಡೆಮೊ ತೋರಿಸ್ತೀಯ."

ಅಂಗಡಿ ಉಳಿಯಿತು. ಬೋರ್ಡು ಎರಡು ಸಲ ಬಣ್ಣ ಕಂಡಿತು, ಡಬ್ಬಗಳ ಜಾಗಕ್ಕೆ ಒಳ್ಳೆಯ ಮಷೀನುಗಳು ಬಂದವು, ಮಳೆಯೂ ಕೊಡೆಯವರೂ ಆಟದ ಊರಿಗೆ ವಾಪಸಾದರು. ಕಾಂತೇಶ ಮಾತ್ರ ಅಂದಿನಿಂದ ಕುರ್ಚಿಯನ್ನು ಬಾಗಿಲಿಗೆ ಮುಖ ಮಾಡಿ ಹಾಕಿಕೊಂಡ. ಗುರುಸಿದ್ದಯ್ಯ ಮತ್ತೆ ಬರಲೇ ಇಲ್ಲ. ಬಂದಿದ್ದರೆ ಒಂದು ದಿನದ ಹೆದರಿಕೆಯಲ್ಲಿ ಮುಗಿಯುತ್ತಿತ್ತು. ಬಾರದೆ ಇದ್ದುದರಿಂದ ದಿನಾ ಹೆದರಬೇಕಾಯಿತು. ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ಅವನು ಕುರ್ಚಿಯಿಂದ ಅರ್ಧ ಎದ್ದು ನಿಲ್ಲುತ್ತಾನೆ, ಗಿರಾಕಿ ಅಂತ ಗೊತ್ತಾದ ಮೇಲೆ ಕೂರುತ್ತಾನೆ. ಬರುವ ಹುಡುಗರು ಅದನ್ನು ತಮಗೆ ಕೊಡುವ ಮರ್ಯಾದೆ ಅಂದುಕೊಂಡಿದ್ದಾರೆ.